ಬಟನ್ ಒತ್ತಿದರೆ ಬರುತ್ತಾನಾ ಡೆಬ್ಯುಸಿ?

(ಮೈಸೂರಿನಲ್ಲಿ ಪಿಯಾನೋ ಕಲಿಸುವ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಹಿಂದಿನ ಸಂಚಿಕೆಯಲ್ಲಿ ನೀವು ಹೊಗಳಿದ್ದಿರಿ ಅಂತ ಜಪಾನಿನ ಇಸಾವೊ ಟೊಮಿಟಾ ಅವರ 'ಸ್ನೋಫ್ಲೇಕ್ಸ್ ಆರ್ ಡಾನ್ಸಿಂಗ್' ಆಲ್ಬಂ ಕೇಳಿದೆ. ಫ್ರಾನ್ಸಿನ ರಚನಕಾರ ಡೆಬ್ಯುಸಿಯ ಪಿಯಾನೋ ರಚನೆಗಳನ್ನು ಸಿಂಥಸೈಜರ್‌ಗೆ ಹಾಕಿ ವಿಡಿಯೋ ಗೇಮ್ ಮಾಡಿಬಿಟ್ಟಿದ್ದಾರೆ. ಬಟನ್ ಒತ್ತಿದರೆ ಬರುವ ಸಂಗೀತದಲ್ಲಿ ಕಲಾವಿದನ ಕೈ ಎಲ್ಲಿದೆ? ಡೆಬ್ಯುಸಿ ಇದ್ದಿದ್ದರೆ ಇದನ್ನು ಒಪ್ಪುತ್ತಿದ್ದರೇ? ಈಗ ನನ್ನ ವಿದ್ಯಾರ್ಥಿ, ಪಿಯುಸಿ ಹುಡುಗ, ವಾರ್ಷಿಕ ಕಾರ್ಯಕ್ರಮದಲ್ಲಿ ಡೆಬ್ಯುಸಿಯದೇ 'ಹಿಮದ ಮೇಲಿನ ಹೆಜ್ಜೆಗಳು' ರಚನೆಯನ್ನು ಕೀಬೋರ್ಡಿನಲ್ಲಿ ಕೇಳಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಬಿಡಲೋ ಬೇಡವೋ?")

ನಮಸ್ಕಾರ ಮೇಡಂ. ನಿಮ್ಮ ಕೋಪ ಅರ್ಥವಾಗುತ್ತದೆ. ಮೈಸೂರಿನವರು ಪಿಯಾನೋ ಪರ ನಿಲ್ಲದೆ ಇನ್ನಾರು ನಿಲ್ಲಬೇಕು, ಅಲ್ವಾ? ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೋ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು. ಅಂಥ ಊರಿನಿಂದ ಬಂದ ಪತ್ರಕ್ಕೆ ಎರಡು ಸಾಲು ಬರೆದು ಮುಗಿಸಿದರೆ ಸರಿಯಲ್ಲ.

ಮೊದಲು ಬಟನ್ ವಿಷಯ. ಇವತ್ತಿನ ಕೀಬೋರ್ಡ್ ನೋಡಿ ನೀವು ಹಾಗೆ ಬರೆದಿದ್ದೀರಿ ಅನಿಸುತ್ತದೆ. ಅದರಲ್ಲಿ ನೂರಾರು ಸದ್ದುಗಳು ರೆಡಿ ಇರುತ್ತವೆ, ಬೇಕಾದ್ದನ್ನು ಆರಿಸಿದರೆ ಸಾಕು. ಟೊಮಿಟಾ 1970ರ ದಶಕದ ಆರಂಭದಲ್ಲಿ ಅಮೆರಿಕದಿಂದ ತರಿಸಿಕೊಂಡ ಮೋಗ್ ಸಿಂಥಸೈಜರ್ ಯಂತ್ರದಲ್ಲಿ, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದಲ್ಲಿ, ಅಂಥದ್ದೇನೂ ಇರಲಿಲ್ಲ. ಅದು ನೋಡೋಕೆ ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಥರ ಇತ್ತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಮುಂದೆ ತಿರುಗಿಸುವ ಗುಂಡಿಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುವ ವೈರುಗಳು. ಜಪಾನಿನ ಕಸ್ಟಮ್ಸ್‌ನವರು ಇದು ವಾದ್ಯ ಅಂದರೆ ನಂಬಲೇ ಇಲ್ಲ, ಬಿಡಿಸಿಕೊಳ್ಳೋಕೆ ಒದ್ದಾಡಬೇಕಾಯಿತು ಅಂತ ಟೊಮಿಟಾ ಆಮೇಲೆ ಹೇಳಿಕೊಂಡಿದ್ದಾರೆ.

ಆ ಯಂತ್ರದಲ್ಲಿ ಒಂದೇ ಒಂದು ಸ್ವರ ಬರಬೇಕಾದರೆ ಏನು ಮಾಡಬೇಕು ನೋಡಿ. ಆಸಿಲೇಟರ್ ಅನ್ನೋ ಭಾಗ ಒಂದೇ ಸಮನೆ ಒರಟಾಗಿ ಕೊರೆಯುವ ಸದ್ದು ಕೊಡುತ್ತದೆ. ಅದನ್ನು ವೈರಿನಲ್ಲಿ ಫಿಲ್ಟರ್‌ಗೆ ಕಳಿಸಿ ಚೂಪು ಅಂಚುಗಳನ್ನು ಎಷ್ಟು ಬೇಕೋ ಅಷ್ಟು ಕಡಿಯಬೇಕು. ಸದ್ದು ಥಟ್ಟನೆ ಹುಟ್ಟಬೇಕೋ ನಿಧಾನಕ್ಕೆ ಉಬ್ಬಬೇಕೋ, ಬೆರಳು ಎತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು, ಇದನ್ನೆಲ್ಲ ಎನ್ವಲಪ್ ಅನ್ನೋ ಇನ್ನೊಂದು ಭಾಗದಲ್ಲಿ ಕೈಯಿಂದಲೇ ಗೊತ್ತುಮಾಡಬೇಕು. ಇಷ್ಟಾದ ಮೇಲೂ ಕೀಬೋರ್ಡಿನಲ್ಲಿ ಒಂದು ಸಲಕ್ಕೆ ಒಂದೇ ಕೀ ಕೆಲಸ ಮಾಡುತ್ತದೆ. ನಾಲ್ಕು ಸ್ವರಗಳು ನಾಲ್ಕು ದಾರಿಯಲ್ಲಿ ಹೋಗುವ ಕಡೆ ನಾಲ್ಕು ಸಲ ನುಡಿಸಿ ಟೇಪಿನ ಬೇರೆಬೇರೆ ಟ್ರ್ಯಾಕಿನಲ್ಲಿ ತುಂಬಬೇಕು. ಟ್ರ್ಯಾಕ್ ಮುಗಿದರೆ ತುಂಬಿದ್ದನ್ನೆಲ್ಲ ಸೇರಿಸಿ ಒಂದಕ್ಕೆ ಇಳಿಸಬೇಕು, ಇಳಿಸಿದ ಸಲವೆಲ್ಲ ಟೇಪಿನ ಹಿಸ್ ಅನ್ನೋ ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ. ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ, ವೈರು ಕಿತ್ತರೆ ಆ ಸದ್ದು ಹೋಯಿತು. ಕೋಣೆ ಬಿಸಿಯಾದರೆ ಶ್ರುತಿ ಜಾರುತ್ತದೆ. ಹೀಗೆ ಒಂದು ವರ್ಷಕ್ಕೂ ಜಾಸ್ತಿ ಕೂತು ಮಾಡಿದ ಆಲ್ಬಂ ಅದು, 1974ರಲ್ಲಿ ಹೊರಬಂತು. ಬಟನ್ ಒತ್ತಿದರೆ ಬರೋದು ಅಂದರೆ ನಮ್ಮ ಕಛೇರಿಗಳ ಎಲೆಕ್ಟ್ರಾನಿಕ್ ತಂಬೂರಿ. ಅದರ ಬಗ್ಗೆ ಯಾರೂ ನಮಗೆ ಪತ್ರ ಬರೆದಿಲ್ಲ!

ಟೊಮಿಟಾಗೆ ಮೊದಲೇ ಅಮೆರಿಕದ ವೆಂಡಿ ಕಾರ್ಲೋಸ್ 1968ರಲ್ಲಿ ಇದೇ ಮೋಗ್‌ನಲ್ಲಿ ಹದಿನೆಂಟನೇ ಶತಮಾನದ ಜರ್ಮನ್ ರಚನಕಾರ ಬಾಖ್ ಅವರ ಸಂಗೀತ ಮಾಡಿದ್ದರು, 'ಸ್ವಿಚ್ಡ್-ಆನ್ ಬಾಖ್'. ಅದನ್ನು ಕೇಳಿಯೇ ಟೊಮಿಟಾ ಈ ಕಡೆ ತಿರುಗಿದ್ದು. ಆದರೆ ಬಾಖ್ ಈ ಯಂತ್ರಕ್ಕೆ ತಾನಾಗಿ ಒದಗುವ ಸಂಗೀತ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಓಡುತ್ತದೆ, ಎಳೆಗೊಂದು ಟ್ರ್ಯಾಕ್ ಕೊಟ್ಟರೆ ಮುಗಿಯಿತು, ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಡೆಬ್ಯುಸಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಲೇಬಾರದು. ಅದನ್ನು ಬಿಡಿ ಬಿಡಿ ಸ್ವರ ಕೊಡುವ ಯಂತ್ರದಲ್ಲಿ ಕಟ್ಟುತ್ತೇನೆ ಅಂತ ಹೊರಟದ್ದು ಒಂಥರಾ ಹುಚ್ಚೇ.

ಆ ಹುಚ್ಚಿಗೆ ಕಾರಣ ಡೆಬ್ಯುಸಿಯ ಪುಟಗಳಲ್ಲೇ ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 'ಮುಳುಗಿದ ಕೆಥೆಡ್ರಲ್' ರಚನೆಯ ಮೇಲೆ "ಮೆಲ್ಲಗೆ ಅನುರಣಿಸುವ ಮಂಜಿನೊಳಗೆ" ಅಂತ ಬರೆದಿದ್ದಾರೆ. 'ಹಿಮದ ಮೇಲಿನ ಹೆಜ್ಜೆಗಳು' ಶುರುವಾಗುವಲ್ಲಿ, ಎಡಗೈಯಲ್ಲಿ ಎಡವಿದ ಹಾಗೆ ಮತ್ತೆ ಮತ್ತೆ ಬರುವ ಆ ಪುಟ್ಟ ಲಯಕ್ಕೆ, ದುಃಖ ತುಂಬಿದ ಹೆಪ್ಪುಗಟ್ಟಿದ ಬಯಲಿನ ಹಿನ್ನೆಲೆಯಷ್ಟೇ ನಾದದ ಬೆಲೆ ಇರಬೇಕು ಅನ್ನುತ್ತಾರೆ. ಪಿಯಾನೋಗೆ ಇದು ಸುಲಭದ ಮಾತಲ್ಲ. ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದ ಆ ಸ್ವರ ಸಾಯುತ್ತಾ ಹೋಗುತ್ತದೆ. ಬಡಿದ ಮೇಲೆ ಅದನ್ನು ಉಬ್ಬಿಸಲಾಗದು, ಬಣ್ಣ ಬದಲಿಸಲಾಗದು. ಒಳ್ಳೆಯ ಪಿಯಾನಿಸ್ಟ್ ಅದೆಲ್ಲ ಆಗುತ್ತಿದೆ ಅಂತ ನಮ್ಮ ಕಿವಿಯನ್ನು ನಂಬಿಸುತ್ತಾರೆ, ಅವರ ದೊಡ್ಡತನವೇ ಅದು. ಸಿಂಥಸೈಜರ್‌ನಲ್ಲಿ ಅದು ನಿಜಕ್ಕೂ ಆಗುತ್ತದೆ. ಸ್ವರ ಇಲ್ಲದ ಕಡೆಯಿಂದ ಎದ್ದು ಬಂದು, ನಿಂತು, ದನಿ ಬದಲಿಸಿ ಹೋಗಬಹುದು. ಟೊಮಿಟಾ ಹೊಸದೇನನ್ನೂ ಅಂಟಿಸಲಿಲ್ಲ, ಪಿಯಾನೋ ಬರೀ ಸೂಚಿಸುತ್ತಿದ್ದುದನ್ನು ಬಿಡಿಸಿ ಹೇಳಿದರು. ಬಿಡಿಸಿ ಹೇಳಿದ್ದು ಎಲ್ಲ ಕಡೆ ಒಳ್ಳೆಯದಾಯಿತಾ ಅನ್ನೋದೇ ಕೇಳಬೇಕಾದ ಪ್ರಶ್ನೆ.

ಎಲ್ಲ ಕಡೆ ಆಗಲಿಲ್ಲ. 'ಕ್ಲೇರ್ ದ ಲೂನ್' ವಿಷಯದಲ್ಲಿ ನಾನು ನಿಮ್ಮ ಪಕ್ಷ. ಮೊದಲೇ ಸಿಹಿ ಇರುವ ರಚನೆ, ಅದರ ಮೇಲೆ ಇನ್ನಷ್ಟು ಪಾಕ ಸುರಿದಿದ್ದಾರೆ. ಮಾರನೇ ವರ್ಷ ರಷ್ಯಾದ ರಚನಕಾರ ಮುಸೋರ್ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್' ಮಾಡಿದಾಗ, ಮೊಟ್ಟೆಯೊಳಗಿನ ಕೋಳಿಮರಿಗಳ ಭಾಗದಲ್ಲಿ ನಿಜವಾಗಿಯೇ ಚಿಂವ್ ಚಿಂವ್ ಅನ್ನಿಸಿದರು. ಮಕ್ಕಳು ನಗುತ್ತಾರೆ. ಆದರೆ ಪಿಯಾನೋದಲ್ಲಿ ಆ ಚಿಕ್ಕ ಚಿಕ್ಕ ಸ್ವರಗಳು ಸುಮ್ನೆ ಕುಪ್ಪಳಿಸಿದಾಗ ಮರಿಗಳನ್ನು ನಾವೇ ಕಲ್ಪಿಸಿಕೊಳ್ಳುತ್ತಿದ್ದೆವು, ಆ ಖುಷಿ ಇಲ್ಲಿ ಹೋಯಿತು.

ಇನ್ನೊಂದು ನಷ್ಟ ಇದೆ, ಪಿಯಾನೋ ಕಲಿಸುವ ನೀವು ಅದನ್ನೇ ಹೇಳುತ್ತೀರಿ ಅಂದುಕೊಂಡಿದ್ದೆ. ಬಲಗಾಲಿನ ಪೆಡಲ್ ಒತ್ತಿದಾಗ ಎಲ್ಲ ತಂತಿಗಳೂ ಬಿಡುಗಡೆಯಾಗಿ, ನುಡಿಸದೇ ಇದ್ದವೂ ಸಿತಾರಿನ ತರಬ್ ತಂತಿಗಳ ಹಾಗೆ ಸಣ್ಣಗೆ ಮಿಡಿಯುತ್ತವೆ. ಸ್ವರಗಳು ಒಂದೇ ಹಲಗೆಯ ಮೇಲೆ ಒಂದಕ್ಕೊಂದು ತಾಗಿ ಬೆಳೆಯುತ್ತವೆ. ಟೊಮಿಟಾ ಸ್ವರಗಳು ಬೇರೆಬೇರೆ ಹೊತ್ತಿನಲ್ಲಿ ರೆಕಾರ್ಡ್ ಆದವು, ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲ. ಅವರು ಎಕೋ ಹಾಕಿ, ಸದ್ದನ್ನು ಎಡದಿಂದ ಬಲಕ್ಕೆ ಓಡಾಡಿಸಿ ಆ ಕೊರತೆ ಮುಚ್ಚಿದ್ದಾರೆ. ಹೆಡ್‌ಫೋನಿನಲ್ಲಿ ಕೇಳಿದರೆ ಅದ್ಭುತವಾಗಿದೆ, ಆದರೆ ಪೆಡಲ್ ಕೊಡುವ ಆ ಬೆರಕೆ ಅಲ್ಲ.

ಇನ್ನು ಡೆಬ್ಯುಸಿ ಒಪ್ಪುತ್ತಿದ್ದರೇ? ಸತ್ತವರ ಪರವಾಗಿ ನಾನು ಸಹಿ ಹಾಕೋದಿಲ್ಲ. ಬದುಕಿದ್ದಾಗ ಅವರು ಮಾಡಿದ್ದನ್ನು ಮಾತ್ರ ಹೇಳಬಲ್ಲೆ. ಫ್ರಾನ್ಸಿನ ಇನ್ನೊಬ್ಬ ರಚನಕಾರ ಎರಿಕ್ ಸಾಟಿಯ ಪಿಯಾನೋ ರಚನೆಗಳಾದ 'ಜಿಮ್ನೊಪೆದಿ'ಗಳಲ್ಲಿ ಎರಡನ್ನು ಆರ್ಕೆಸ್ಟ್ರಾಗೆ ಹೊಂದಿಸಿದ್ದು ಇದೇ ಡೆಬ್ಯುಸಿ. ಅಂದರೆ ಇನ್ನೊಬ್ಬರ ಪಿಯಾನೋ ಸಂಗೀತಕ್ಕೆ ಬೇರೆ ಬಟ್ಟೆ ತೊಡಿಸೋದು ಅವರಿಗೆ ಪಾಪ ಅನಿಸಿರಲಿಲ್ಲ. ಅವರದೇ 'ಚಿಲ್ಡ್ರನ್ಸ್ ಕಾರ್ನರ್' ಅನ್ನು ಆಂದ್ರೆ ಕಾಪ್ಲೆ ಆರ್ಕೆಸ್ಟ್ರಾಗೆ ತಂದಾಗಲೂ ಡೆಬ್ಯುಸಿ ಬದುಕಿದ್ದರು, ಕಾಪ್ಲೆ ಅವರ ಗೆಳೆಯರೇ. ಟೊಮಿಟಾ ಆಲ್ಬಮ್ಮಿನ ಹೆಸರಿನ ಹಿಮದ ತುಣುಕುಗಳು ಬಂದದ್ದೂ ಅದೇ 'ಚಿಲ್ಡ್ರನ್ಸ್ ಕಾರ್ನರ್'ನಿಂದ.

ಯಂತ್ರದ ವಿಷಯ ಇನ್ನೂ ಸ್ವಾರಸ್ಯ. 1910ರ ದಶಕದ ಆರಂಭದಲ್ಲಿ ಡೆಬ್ಯುಸಿ ವೆಲ್ಟೆ-ಮಿಗ್ನೋನ್ ಕಂಪನಿಯ ಯಂತ್ರದ ಮುಂದೆ ಕೂತು ತಮ್ಮ ರಚನೆಗಳನ್ನು ನುಡಿಸಿದರು. ಅದು ಪಿಯಾನಿಸ್ಟಿನ ಬೆರಳಾಟವನ್ನು ಕಾಗದದ ಸುರುಳಿಯಲ್ಲಿ ತೂತುಗಳಾಗಿ ಹಿಡಿದಿಟ್ಟು ಮತ್ತೆ ತಾನೇ ನುಡಿಸುವ ಯಂತ್ರ. ಅದರ ಕೆಲಸ ಮೆಚ್ಚಿ ಡೆಬ್ಯುಸಿ ಕಂಪನಿಗೆ ಕಾಗದವನ್ನೂ ಬರೆದರು. 'ಮುಳುಗಿದ ಕೆಥೆಡ್ರಲ್' ಕೂಡ ಆ ಸುರುಳಿಗಳಲ್ಲಿದೆ. ಅಚ್ಚಾದ ಪುಟದ ಪ್ರಕಾರ ಒಂದೇ ನಡೆಯಲ್ಲಿ ಹೋಗಬೇಕಾದ ಆ ರಚನೆಯ ಕೆಲವು ಭಾಗಗಳನ್ನು ಡೆಬ್ಯುಸಿ ಎರಡರಷ್ಟು ವೇಗದಲ್ಲಿ ನುಡಿಸಿದ್ದಾರೆ! ಪುಟದಲ್ಲಿ ಆ ಸೂಚನೆ ಇಲ್ಲ. ಈಗ ಹಲವು ಪಿಯಾನಿಸ್ಟರು ಆ ಸುರುಳಿಯನ್ನೇ ನಂಬಿ ಹಾಗೆ ನುಡಿಸುತ್ತಾರೆ. ರಚನಕಾರರ ಮನಸ್ಸಿನಲ್ಲಿ ಏನಿತ್ತು ಅಂತ ಪುಟ ಹೇಳದ್ದನ್ನು ಒಂದು ಯಂತ್ರ ಹೇಳಿತು. ಇದಕ್ಕೆ ನಿಮ್ಮ ಉತ್ತರ ಏನು ಅಂತ ಇನ್ನೊಂದು ಪತ್ರದಲ್ಲಿ ಬರೆಯಿರಿ, ಖಂಡಿತ ಹಾಕುತ್ತೇವೆ.

ಹುಡುಗನ ವಿಷಯ. ಬಿಡಿ ಅಂತಲೇ ನನ್ನ ಸಲಹೆ. ಆದರೆ ಸುಮ್ನೆ ಬಿಡಬೇಡಿ. ಮೊದಲು ಪಿಯಾನೋದಲ್ಲಿ, ಪುಟ ನೋಡದೆ, ನಿಮಗೆ ತೃಪ್ತಿಯಾಗುವಷ್ಟು ನುಡಿಸಿ ತೋರಿಸಲಿ. ಆಮೇಲೆ ಕೀಬೋರ್ಡಿನಲ್ಲಿ ರೆಡಿ ಇರುವ ವಯಲಿನ್, ಕೊಳಲು, ಕೋರಸ್ ಒಂದನ್ನೂ ಮುಟ್ಟಕೂಡದು ಅನ್ನಿ. ಆ ಎಡವುವ ಲಯಕ್ಕೆ ಒಂದು ಸದ್ದು, ಮೇಲಿನ ರಾಗಕ್ಕೆ ಇನ್ನೊಂದು, ಎರಡನ್ನೂ ಅವನೇ ಶುರುವಿನಿಂದ ಕಟ್ಟಲಿ, ಒಂದು ಸಲಕ್ಕೆ ಒಂದೇ ಸ್ವರ ನುಡಿಸಿ ಕಂಪ್ಯೂಟರಿನಲ್ಲಿ ಟ್ರ್ಯಾಕ್ ಮೇಲೆ ಟ್ರ್ಯಾಕ್ ತುಂಬಲಿ, ಕಾರ್ಯಕ್ರಮದ ದಿನ ಅದನ್ನೇ ಕೇಳಿಸಲಿ. ರಚನೆ ಇರೋದು ಬರೀ 36 ಬಾರ್ (ನಮ್ಮ ತಾಳದ ಆವರ್ತದ ಹಾಗೆ). ಹತ್ತನೇ ಬಾರ್ ಮುಟ್ಟುವ ಹೊತ್ತಿಗೆ ಒಂದೋ ಸುಸ್ತಾಗಿ ಪಿಯಾನೋಗೆ ವಾಪಸ್ ಬರುತ್ತಾನೆ, ಇಲ್ಲ ನಿಮ್ಮನ್ನೇ ಕೂರಿಸಿಕೊಂಡು "ಮೇಡಂ, ಈ ಸ್ವರ ಎಷ್ಟು ಹೊತ್ತು ಉಳಿಯಬೇಕು?" ಅಂತ ಕೇಳೋಕೆ ಶುರು ಮಾಡುತ್ತಾನೆ. ಕಾರ್ಯಕ್ರಮದಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಇಡಿ, ಪಿಯಾನೋದ್ದು ಮೊದಲು. ದಿನಾಂಕ ಗೊತ್ತಾದ ಮೇಲೆ ತಿಳಿಸಿ, ನಮ್ಮ ಕಡೆಯಿಂದ ಒಬ್ಬರು ಬರುತ್ತೇವೆ.

– ಸಂ.