ನುಂಗಿದ ಸಿಟ್ಟು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನನಗೆ 38 ವರ್ಷ. ಕಚೇರಿಯಲ್ಲಿ ಯಾರು ಏನೇ ಅಂದರೂ ಸಿಟ್ಟು ತೋರಿಸದೆ ನುಂಗಿಕೊಳ್ಳುತ್ತೇನೆ. ‘ನಿಮಗೆ ಭಾವನಾತ್ಮಕ ಬುದ್ಧಿವಂತಿಕೆ ಜಾಸ್ತಿ’ ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ವಾಗ್ವಾದದ ಸಭೆ ಮುಗಿದ ಮೇಲೆ ಯಾರು ಏನು ಹೇಳಿದರು ಎಂಬುದೇ ನೆನಪಿರುವುದಿಲ್ಲ. ಸಂಜೆ ಮಗ ಲೋಟ ಉರುಳಿಸಿದರೆ ಸಾಕು, ಕೂಗಾಡಿಬಿಡುತ್ತೇನೆ. ನನ್ನದು ನಿಜಕ್ಕೂ ಬುದ್ಧಿವಂತಿಕೆಯೇ? ಅಲ್ಲವಾದರೆ ಈ ವಯಸ್ಸಿನಲ್ಲಿ ಕಲಿಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೂಗಾಟವಲ್ಲ, ಮರೆವು. ಮನಶ್ಶಾಸ್ತ್ರಜ್ಞರಾದ ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡಿತ್ತು. ಭಾವನೆ ಮುಖದ ಮೇಲೆ ಕಾಣದಂತೆ ಅದುಮಿಟ್ಟುಕೊಂಡವರಿಗೆ ಆ ಹೊತ್ತಿನಲ್ಲಿ ಕೇಳಿದ ಮಾತು ಕಡಿಮೆ ನೆನಪಿತ್ತು. ಮುಖವನ್ನು ಕಾಯುವ ಕೆಲಸಕ್ಕೇ ಗಮನ ಖರ್ಚಾದರೆ ಕೇಳಿಸಿಕೊಳ್ಳಲು ಉಳಿಯುವುದೆಷ್ಟು? ಗ್ರಾಸ್ ಅವರ ಇನ್ನಷ್ಟು ಪ್ರಯೋಗಗಳಲ್ಲಿ, ಅದುಮಿದವರ ಮುಖ ಶಾಂತವಾಗಿದ್ದರೂ ಒಳಗಿನ ನೋವು ತಗ್ಗಿರಲಿಲ್ಲ. ದೇಹದ ಒತ್ತಡ ಏರಿತ್ತು. ನೀವು ನುಂಗಿದ್ದು ಜೀರ್ಣವಾಗುತ್ತಿಲ್ಲ. ಅದು ಲೋಟ ಉರುಳುವುದನ್ನೇ ಕಾಯುತ್ತಿದೆ.

ಆದ್ದರಿಂದ ನೇರವಾಗಿ ಹೇಳುತ್ತೇನೆ: ನಿಮ್ಮದು ಸಂಯಮ, ಅದಕ್ಕೆ ಗೌರವವಿದೆ. ಆದರೆ ಭಾವನಾತ್ಮಕ ಬುದ್ಧಿವಂತಿಕೆ ಎಂದರೆ ಅದಲ್ಲ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಈ ಪರಿಕಲ್ಪನೆಯನ್ನು ರೂಪಿಸಿದರು. ಮುಂದೆ ಅವರು ವಿವರಿಸಿದಂತೆ ಇದರಲ್ಲಿ ನಾಲ್ಕು ಸಾಮರ್ಥ್ಯಗಳಿವೆ: ಭಾವನೆಯನ್ನು ಗುರುತಿಸುವುದು, ಆಲೋಚನೆಗೆ ಬಳಸಿಕೊಳ್ಳುವುದು, ಅರ್ಥಮಾಡಿಕೊಳ್ಳುವುದು, ನಿಭಾಯಿಸುವುದು. ನೀವು ಮೊದಲ ಮೂರನ್ನೂ ಬಿಟ್ಟು ನಾಲ್ಕನೆಯದಕ್ಕೇ ಹಾರುತ್ತಿದ್ದೀರಿ.

‘ಭಾವನೆ ಬುದ್ಧಿಯ ಶತ್ರು, ಅಮಿಗ್ಡಾಲವನ್ನು ಬಗ್ಗುಬಡಿಯಬೇಕು’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. (ಅಮಿಗ್ಡಾಲ ಎಂದರೆ ಭಯದಂಥ ಭಾವನೆಗಳಿಗೆ ಥಟ್ಟನೆ ಸ್ಪಂದಿಸುವ ಮಿದುಳಿನ ಭಾಗ.) ದಯವಿಟ್ಟು ಆ ಮಾತನ್ನು ನಂಬಬೇಡಿ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರ ರೋಗಿಯೊಬ್ಬರಿಗೆ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ಮಿದುಳಿನ ಮುಂಭಾಗಕ್ಕೆ ಹಾನಿಯಾಗಿತ್ತು. ಅವರ ಬುದ್ಧಿಶಕ್ತಿ, ನೆನಪು, ಮಾತು ಎಲ್ಲವೂ ಚೆನ್ನಾಗಿಯೇ ಇದ್ದವು. ಭಾವನೆ ಮಾತ್ರ ಬತ್ತಿತ್ತು. ಚಿಕ್ಕಪುಟ್ಟ ನಿರ್ಧಾರಗಳಲ್ಲೂ ಅವರು ಗಂಟೆಗಟ್ಟಲೆ ಸಿಲುಕಿಕೊಳ್ಳುತ್ತಿದ್ದರು. ಕೆಲಸವೂ ಸಂಸಾರವೂ ಕೈತಪ್ಪಿದವು. ಯಾವುದು ಮುಖ್ಯ ಎಂದು ನಮಗೆ ತಿಳಿಸುವುದೇ ಭಾವನೆ.

ಹಾಗಾದರೆ ಮಾಡಬೇಕಾದ್ದೇನು? ಸಭೆ ಮುಗಿದೊಡನೆ ಎರಡು ನಿಮಿಷ ಒಬ್ಬರೇ ಕುಳಿತುಕೊಳ್ಳಿ. ಮೊದಲು ದೇಹವನ್ನು ಗಮನಿಸಿ: ದವಡೆ ಬಿಗಿದಿದೆಯೇ, ಎದೆ ಹೊಡೆದುಕೊಳ್ಳುತ್ತಿದೆಯೇ? ಆಮೇಲೆ ಹೆಸರಿಡಿ. ‘ಸಿಟ್ಟು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಮುನಿಸು, ಅವಮಾನ, ಹತಾಶೆ, ಹೊಟ್ಟೆಯುರಿ, ಅಸಹಾಯಕತೆ: ಕನ್ನಡ ಇವನ್ನೆಲ್ಲ ಬೇರೆಬೇರೆಯಾಗಿಯೇ ಇಟ್ಟಿದೆ, ಏಕೆಂದರೆ ಒಂದೊಂದೂ ಒಂದೊಂದನ್ನು ಕೇಳುತ್ತದೆ. ಅವಮಾನಕ್ಕೆ ನೇರ ಮಾತು ಬೇಕು, ಅಸಹಾಯಕತೆಗೆ ಜೊತೆ ಬೇಕು. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಚಿತ್ರದ ಮುಖದಲ್ಲಿದ್ದ ಭಾವನೆಗೆ ಪದ ಕೊಟ್ಟ ಹೊತ್ತಿಗೆ ಅಮಿಗ್ಡಾಲದ ಚಟುವಟಿಕೆ ತಗ್ಗಿತ್ತು, ಬಲಬದಿಯ ಮುಂಭಾಗದ ಒಂದು ಪ್ರದೇಶ ಚುರುಕಾಗಿತ್ತು.

ಹೆಸರು ಸಿಕ್ಕ ಮೇಲೆ ಘಟನೆಯನ್ನು ಇನ್ನೊಂದು ಕೋನದಿಂದ ನೋಡಿ. ‘ನನ್ನನ್ನು ಕೆಣಕಲೆಂದೇ ಹಾಗೆಂದರು’ ಎನ್ನುವ ಬದಲು ‘ಅವರೂ ಗಡುವಿನ ಭಯದಲ್ಲಿದ್ದರೇನೋ’ ಎಂದು. ಅದುಮಿದವರ ನೆನಪಿಗೆ ಪೆಟ್ಟು ಬಿದ್ದರೂ ಹೀಗೆ ಮರುನೋಡಿದವರ ನೆನಪಿಗೆ ಬೀಳಲಿಲ್ಲ ಎಂಬುದೂ ರಿಚರ್ಡ್ಸ್ ಮತ್ತು ಗ್ರಾಸ್ ಅವರ ಪ್ರಯೋಗಗಳಲ್ಲೇ ಕಂಡಿತ್ತು. ಆದರೆ ನಿಜವಾಗಿ ಅನ್ಯಾಯವಾಗಿದ್ದರೆ ಕೋನ ಬದಲಿಸಿ ಸುಮ್ಮನಾಗಬೇಡಿ. ಹೋಗಿ ಮಾತಾಡಿ.

ವಯಸ್ಸಿನ ಚಿಂತೆ ಬೇಡ. ವಯಸ್ಕರಲ್ಲೂ ಈ ಕೌಶಲ ತರಬೇತಿಯಿಂದ ಸುಧಾರಿಸುತ್ತದೆ. ಕೈ ಎತ್ತುವ ಹಂತಕ್ಕೆ ಹೋಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಆಪ್ತಸಮಾಲೋಚಕರನ್ನು ಕಾಣಲು ತಡಮಾಡಬೇಡಿ. ಇವತ್ತು ಸಂಜೆ ಮಗನ ಹತ್ತಿರ ಕುಳಿತು ಹೇಳಿ: ‘ಅವತ್ತು ನನಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ, ನಿನ್ನ ಲೋಟಕ್ಕಲ್ಲ.’