ಸಂಪಾದಕರ ಉತ್ತರ: ಹತ್ತು ನಿಮಿಷದ ತೀರ್ಪು

ಸಂಡೂರಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಮತ್ತು ಅದರ ಹಿರಿಯ ಆಟಗಾರ ಸುನಿಲ್ ಛೇತ್ರಿಯ ಬಗ್ಗೆ ಮೂರು ಪುಟ ತುಂಬ ಕಾಗದ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು:

"ಬೆಂಗಳೂರು ಎಫ್‌ಸಿ ಹೆಸರಿಗಷ್ಟೇ ಬೆಂಗಳೂರಿನದು, ಅದಕ್ಕೆ ದುಡ್ಡು ಹಾಕಿರೋದು ನಮ್ಮ ತೋರಣಗಲ್ಲಿನ ಉಕ್ಕಿನ ಕಂಪನಿಯವರು. ಹಾಗಾಗಿ ಕೇಳೋ ಹಕ್ಕು ನಮಗೂ ಐತಿ. ನಲವತ್ತು ದಾಟಿದ ಛೇತ್ರಿಯನ್ನ ಇನ್ನೂ ಯಾಕೆ ಇಟ್ಟುಕೊಂಡಾರ? ಮಧ್ಯದಾಗ ಆಡೋರು ಪಕ್ಕದವನಿಗೆ ಚೆಂಡು ತಳ್ಳೋದು ಬಿಟ್ಟು ಏನೂ ಮಾಡಂಗಿಲ್ಲ. ನಾನು ಒಂದು ಪಂದ್ಯದ ಹೈಲೈಟ್ಸೂ ಬಿಟ್ಟವನಲ್ಲ, ಅದರಾಗ ಅವರು ಕಾಣೋದೇ ಇಲ್ಲ. ಅಂಥವರನ್ನ ಕೈಬಿಟ್ಟು ಗೋಲು ಹೊಡೆಯೋ ಹುಡುಗರನ್ನ ತರಬಾರದೇನು? ಇನ್ನೊಂದು ಮಾತು. ನಮ್ಮ ಅಕ್ಕನ ಮಗನಿಗೆ 14. ಆಯ್ಕೆ ಟ್ರಯಲ್ಸ್‌ಗೆ ಹೋಗಿದ್ದ. ಹತ್ತು ನಿಮಿಷ ಆಡಿಸಿ, ಸಣ್ಣಗಿದಾನ ಅಂತ ವಾಪಸ್ ಕಳಿಸಿದರು. ಇದು ನ್ಯಾಯನಾ? ಅವನಿಗೆ ಶೂ ಬ್ಯಾರೆ ಕೊಡಿಸಬೇಕು, ಯಾವುದು ಕೊಡಿಸಲಿ?"

ಗೆಳೆಯರೇ, ನಿಮ್ಮ ಕಾಗದದ ಮೊದಲ ಭಾಗಕ್ಕೂ ಎರಡನೇ ಭಾಗಕ್ಕೂ ಜಗಳ ಹತ್ತಿದೆ. ನಿಮ್ಮ ಅಳಿಯನನ್ನು ಹತ್ತು ನಿಮಿಷ ನೋಡಿ ಬೇಡ ಅಂದವರ ಮೇಲೆ ಸಿಟ್ಟಾಗಿದ್ದೀರಿ, ಆ ಸಿಟ್ಟು ಸರಿ. ಆದರೆ ಹೈಲೈಟ್ಸ್ ಎಷ್ಟು ಹೊತ್ತು ಇರುತ್ತದೆ? ಅದೂ ಐದೋ ಹತ್ತೋ ನಿಮಿಷ. ಅಷ್ಟನ್ನೇ ನೋಡಿ ಮಧ್ಯದ ಆಟಗಾರರನ್ನು ಮನೆಗೆ ಕಳಿಸಿ ಎನ್ನುತ್ತಿದ್ದೀರಿ. ಟ್ರಯಲ್ಸ್‌ನವರು ಮಾಡಿದ್ದೂ ಅದನ್ನೇ, ಅವರಿಗೆ ಕೈಯಲ್ಲಿ ಅಧಿಕಾರವಿತ್ತು, ಅಷ್ಟೇ.

ನಿಮ್ಮ ಪರವಾದ ಮಾತನ್ನು ಮೊದಲು ಮುಗಿಸುತ್ತೇನೆ. ಹುಡುಗರಿಗೆ ಅವಕಾಶ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೀಸನ್ನಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದದ್ದು 19ರ ವಿನೀತ್ ವೆಂಕಟೇಶ್. ಅವಕಾಶ ಕೊಟ್ಟರೆ ಹುಡುಗರು ಉಳಿಸಿಕೊಳ್ಳುತ್ತಾರೆ. ಸರಿ.

ಈಗ ಛೇತ್ರಿ. 2023-24ರ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿದಾಗ ನಿಮ್ಮ ಹಾಗೆಯೇ ಬಹಳ ಜನ "ಸಾಕು" ಅಂದಿದ್ದರು. ಆಗ ಕ್ಲಬ್ಬು ಅವರ ಮಾತು ಕೇಳಿದ್ದರೆ ಮರುವರ್ಷದ ಲೀಗಿನಲ್ಲಿ ಆತ ಹೊಡೆದ 14 ಗೋಲು ಎಲ್ಲಿಂದ ಬರುತ್ತಿದ್ದವು? ಆ ವರ್ಷ ಭಾರತೀಯರಲ್ಲಿ ಅಷ್ಟು ಗೋಲು ಹೊಡೆದವರು ಬೇರೆ ಯಾರೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದಾಗ ಆತನ ವಯಸ್ಸು 40. ಆ ಸೀಸನ್ನಿನಲ್ಲಿ ಎಷ್ಟೋ ಸಲ ಆತನನ್ನು ಬೆಂಚಿನಿಂದ ತಡವಾಗಿ ಮೈದಾನಕ್ಕೆ ಇಳಿಸಿದರು ಎಂಬುದನ್ನೂ ಗಮನಿಸಿ. ಎದುರಾಳಿ ಡಿಫೆಂಡರ್‌ಗಳು ಒಂದು ಗಂಟೆ ಓಡಿ ಕಾಲು ಸೋತ ಮೇಲೆ, ಓಟಕ್ಕಿಂತ ಜಾಗ ಹುಡುಕುವ ಬುದ್ಧಿಯೇ ಹೆಚ್ಚಾಗಿ ಬೇಕಾದ ಹೊತ್ತಿಗೆ ಇಳಿಸುವುದು. ಹಳಬನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಅರ್ಧ ಪ್ರಶ್ನೆ. ಎಷ್ಟು ನಿಮಿಷಕ್ಕೆ, ಯಾವ ಕೆಲಸಕ್ಕೆ ಎಂಬುದು ಉಳಿದರ್ಧ.

ನಿಮಿಷ ಅಂದೆನಲ್ಲ, ತಂಡ ಕಟ್ಟುವವರ ತಲೆನೋವೆಲ್ಲ ಅಲ್ಲೇ ಇದೆ. ಪೆನ್ಸಿಲ್ ತಗೊಳ್ಳಿ. ಹನ್ನೊಂದು ಜನ, 90 ನಿಮಿಷ, ಒಟ್ಟು 990. ಮೈದಾನದಲ್ಲಿ ನಾಲ್ಕು ವಿದೇಶಿಯರಿಗೆ ಅವಕಾಶ, ಎಲ್ಲ ಕ್ಲಬ್ಬುಗಳೂ ಸಾಮಾನ್ಯವಾಗಿ ನಾಲ್ವರನ್ನೂ ಆಡಿಸುತ್ತವೆ, 360 ಹೋಯಿತು. ಗೋಲ್‌ಕೀಪರ್‌ಗೆ 90. ಉಳಿದದ್ದು 540. 2024-25ರಲ್ಲಿ ಪ್ರತಿ ತಂಡಕ್ಕೆ 24 ಲೀಗ್ ಪಂದ್ಯ, ಅಂದರೆ ಇಡೀ ವರ್ಷಕ್ಕೆ 12,960 ನಿಮಿಷ. ಗೋಲ್‌ಕೀಪರ್ ಬಿಟ್ಟು 16 ಭಾರತೀಯರಿದ್ದಾರೆ ಎಂದುಕೊಳ್ಳಿ. ಸಮನಾಗಿ ಹಂಚಿದರೆ ತಲಾ 810, ಒಂಬತ್ತು ಪೂರ್ತಿ ಪಂದ್ಯ. ಆದರೆ ಯಾವ ಕೋಚೂ ಸಮನಾಗಿ ಹಂಚುವುದಿಲ್ಲ. ಖಾಯಂ ಆರು ಜನ ತಲಾ 1,800 ಆಡಿದರೆ ಉಳಿಯುವುದು 2,160, ಅದನ್ನು ಹತ್ತು ಜನ ಹಂಚಿಕೊಳ್ಳಬೇಕು. ಪಂದ್ಯಕ್ಕೆ ಒಂಬತ್ತು ನಿಮಿಷ! ಅಷ್ಟರಲ್ಲಿ ಹುಡುಗ ಬೆಳೆಯುವುದೂ ಕಷ್ಟ, ಅವನ ಯೋಗ್ಯತೆ ತಿಳಿಯುವುದೂ ಕಷ್ಟ. ಆದ್ದರಿಂದ "ಹುಡುಗರನ್ನ ತನ್ನಿ" ಅನ್ನುವವರು ಯಾರ ನಿಮಿಷ ಕಿತ್ತು ಕೊಡಬೇಕು ಎಂಬುದನ್ನೂ ಹೇಳಬೇಕು. ಹುಡುಗ ಬೆಂಚಿನ ಮೇಲೆ ಕೂತು ಚಪ್ಪಾಳೆ ಹೊಡೆಯುವುದಕ್ಕಿಂತ ಕೆಳಗಿನ ಲೀಗಿಗೆ ಸಾಲದ ಮೇಲೆ (ಅಂದರೆ ಕರಾರು ಇಲ್ಲೇ ಇಟ್ಟುಕೊಂಡು ಕೆಲಕಾಲ ಬೇರೆ ಕ್ಲಬ್ಬಿಗೆ) ಹೋಗಿ 1,500 ನಿಮಿಷ ಆಡಿ ಬರುವುದು ಸಾವಿರ ಪಾಲು ಮೇಲು.

ಈಗ ನೀವು "ಏನೂ ಮಾಡಂಗಿಲ್ಲ" ಎಂದವರ ವಿಷಯ. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಖಾರವಾಗಿಯೇ ಮಾತಾಡಬೇಕಾಗಿದೆ. 2003ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಡೇವಿಡ್ ಬೆಕಮ್‌ನನ್ನು ಕೊಂಡು, ಸಂಬಳ ಹೆಚ್ಚಿಸಿ ಎಂದ ಕ್ಲೋಡ್ ಮಕೆಲೆಲೆಯನ್ನು ಚೆಲ್ಸಿಗೆ ಮಾರಿತು. ಮಕೆಲೆಲೆ ಗೋಲು ಹೊಡೆಯುವವನಲ್ಲ, ಡಿಫೆಂಡರ್‌ಗಳ ಮುಂದೆ ನಿಂತು ಚೆಂಡು ಕಿತ್ತು ಹತ್ತಿರದವನಿಗೆ ಕೊಡುವವನು. ಥೇಟ್ ನೀವು ಬೈದ ಜಾತಿಯವನು. ಅವನಿದ್ದ ಕೊನೆಯ ವರ್ಷ ಮ್ಯಾಡ್ರಿಡ್ ಸ್ಪೇನಿನ ಚಾಂಪಿಯನ್. ಮತ್ತೆ ಚಾಂಪಿಯನ್ ಆದದ್ದು 2007ರಲ್ಲಿ. ಚೆಲ್ಸಿಯೋ 50 ವರ್ಷದ ಮೇಲೆ 2005ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದಿತು, ಮರುವರ್ಷ ಇನ್ನೊಮ್ಮೆ. ಎಲ್ಲ ಅವನೊಬ್ಬನಿಂದಲೇ ಎಂದು ಹೇಳಲಾರೆ. ಆದರೆ ಅವನು ಬಿಟ್ಟುಹೋದ ಜಾಗಕ್ಕೆ ತಾರೆಯರ ಆ ಗುಂಪಿನಲ್ಲಿ ಯಾರೂ ಬರಲಿಲ್ಲ. ನಮ್ಮಲ್ಲೂ ನೋಡಿ. 2019ರ ಲೀಗ್ ಫೈನಲ್‌ನಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಕಪ್ ತಂದವನು ರಾಹುಲ್ ಭೇಕೆ, ಡಿಫೆಂಡರ್. 2021ರಲ್ಲಿ ಆತ ಮುಂಬೈಗೆ ಹೋದ. 2024ರಲ್ಲಿ ಅಲ್ಲಿನ ನಾಯಕನಾಗಿ ಕಪ್ ಎತ್ತಿದ. ಅದೇ ವರ್ಷ ಬೆಂಗಳೂರು ಅವನನ್ನು ಮತ್ತೆ ಕರೆತಂದಿತು.

ಗೋಲಿನ ಲೆಕ್ಕದ ಮೋಸ ಗೊತ್ತಾಗಬೇಕಾದರೆ ಮಾನುವೆಲ್ ಒನ್ವು ಉದಾಹರಣೆ ಸಾಕು. 2017-18ರಲ್ಲಿ 15 ಗೋಲು ಹೊಡೆದಿದ್ದ ಮಿಕು 2019ರಲ್ಲಿ ಹೋದ ಮೇಲೆ ಬೆಂಗಳೂರು ಒನ್ವುವನ್ನು ತಂದಿತು. ಇಲ್ಲಿ ಆತ ಗೋಲಿಗೆ ತಡಕಾಡಿದ. ಅದೇ ಸೀಸನ್ನಿನ ನಡುವೆ ಒಡಿಶಾಕ್ಕೆ ಸಾಲದ ಮೇಲೆ ಹೋಗಿ ಕೇರಳದ ಎದುರು ಹ್ಯಾಟ್ರಿಕ್ ಹೊಡೆದ. ಎರಡು ತಿಂಗಳಲ್ಲಿ ಕಾಲು ಬದಲಾಗುತ್ತದೆಯೇ? ಬದಲಾದದ್ದು ಚೆಂಡು ಬರುವ ದಾರಿ, ಎಷ್ಟು ಬೇಗ ಬರುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು.

ಹಾಗಾದರೆ ನೋಡುವುದು ಹೇಗೆ? ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55 ನಿಮಿಷ. 22 ಜನಕ್ಕೆ ಹಂಚಿದರೆ ಒಬ್ಬನ ಪಾಲಿಗೆ ಎರಡೂವರೆ ನಿಮಿಷ. ಉಳಿದ ಹೊತ್ತೆಲ್ಲ ಚೆಂಡಿಲ್ಲದ ಆಟ. ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಅದು ನಿಮಗೆ ಕಾಣುವುದಿಲ್ಲ. ಬೆಂಗಳೂರಿಗೆ ಹೋದರೆ ಕಂಠೀರವದಲ್ಲಿ ನಡುಗೆರೆಯ ನೇರಕ್ಕೆ, ಆದಷ್ಟು ಮೇಲೆ ಕೂತುಕೊಳ್ಳಿ. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿನಲ್ಲಿ ಕೂತವರಿಗೆ ಆಟ ದೂರವೂ ಆಗುತ್ತದೆ, ಆಳವೂ ತಿಳಿಯುವುದಿಲ್ಲ. ಒಬ್ಬನೇ ಒಬ್ಬ ಮಿಡ್‌ಫೀಲ್ಡರ್‌ನನ್ನು ಹಿಡಿದು 15 ನಿಮಿಷ ಅವನನ್ನು ಮಾತ್ರ ನೋಡಿ, ಚೆಂಡು ಎಲ್ಲಿಗಾದರೂ ಹೋಗಲಿ. ಪಾಸ್ ಬರುವ ಮುಂಚಿನ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ತಲೆ ತಿರುಗಿಸಿ ಹಿಂದೆ ನೋಡಿದ ಎಂದು ಗೀಟು ಹಾಕಿ. ನಾರ್ವೆಯ ಗೈರ್ ಯೋರ್ಡೆಟ್ ಇದನ್ನೇ ಎಣಿಸಿ ಹೆಸರಾದವರು. ಹೆಚ್ಚು ಸಲ ನೋಡಿಕೊಂಡವರ ಪಾಸು ಹೆಚ್ಚು ಸಲ ಗುರಿ ಮುಟ್ಟುತ್ತದೆ ಎಂದು ಅವರ ಅಧ್ಯಯನಗಳು ತೋರಿಸಿವೆ. ಆಮೇಲೆ, ಚೆಂಡು ಹಿಡಿಯುವಾಗ ಮೈ ಎದುರಾಳಿ ಗೋಲಿನ ಕಡೆ ತೆರೆದಿತ್ತೋ, ಬೆನ್ನು ಹಾಕಿದ್ದನೋ. ಅವನು ಕೊಟ್ಟ ಪಾಸು ಪಡೆದವನು ಮುಂದೆ ತಿರುಗಲು ಆಯಿತೋ, ಇಲ್ಲಾ ಒತ್ತಡದಲ್ಲಿ ಸಿಕ್ಕಿಬಿದ್ದನೋ. ತಂಡ ಚೆಂಡು ಕಳೆದುಕೊಂಡ ಐದು ಸೆಕೆಂಡಿಗೆ ಅವನು ಎಲ್ಲಿದ್ದ. ಇಷ್ಟು ಬರೆದುಕೊಂಡರೆ "ಪಕ್ಕಕ್ಕೆ ತಳ್ಳೋದು" ಎಂದು ನೀವು ಬೈದ ಪಾಸುಗಳಲ್ಲಿ ಅರ್ಧಕ್ಕಾದರೂ ಕಾರಣ ಸಿಗುತ್ತದೆ.

ಎಣಿಸುವುದರಲ್ಲೂ ಎಡವಬಹುದು. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಚಾರ್ಲ್ಸ್ ರೀಪ್ 1950ರಲ್ಲಿ ಸ್ವಿಂಡನ್ ಪಂದ್ಯವೊಂದರಲ್ಲಿ ನೋಟ್‌ಪುಸ್ತಕ ತೆಗೆದು ದಾಳಿಗಳನ್ನು ಎಣಿಸಲು ಶುರುಮಾಡಿದ. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನಲ್ಲಿ ಬರುತ್ತವೆ, ಆದ್ದರಿಂದ ಚೆಂಡನ್ನು ಉದ್ದಕ್ಕೆ ಒದೆಯಿರಿ ಎಂಬ ತೀರ್ಮಾನಕ್ಕೆ ಬಂದ. ಆದರೆ ಆಟದಲ್ಲಿ ನಡೆಯುವ ಬಹುಪಾಲು ದಾಳಿಗಳೇ ಮೂರು ಪಾಸಿನ ಒಳಗಿನವು, ಗೋಲೂ ಅಲ್ಲೇ ಜಾಸ್ತಿ ಇರುವುದು ಸಹಜ. ಆ ಒಂದು ತಪ್ಪಿನಿಂದ ಇಂಗ್ಲೆಂಡಿನ ಎಷ್ಟೋ ಕೋಚ್‌ಗಳು ದಶಕಗಟ್ಟಲೆ ಚೆಂಡನ್ನು ಆಕಾಶಕ್ಕೆ ಒದೆಸಿದರು. ಹಾಗೆಯೇ ಗೋಲು ಎಣಿಸುವಾಗ ಪೆನಾಲ್ಟಿ ಬೇರೆ ಇಡಿ, ನಾಲ್ಕರಲ್ಲಿ ಮೂರು ಯಾರು ಹೊಡೆದರೂ ಒಳಗೆ ಹೋಗುತ್ತವೆ. ಉಳಿದ ಗೋಲನ್ನು ಆಡಿದ ನಿಮಿಷದಿಂದ ಭಾಗಿಸಿ 90ರಿಂದ ಗುಣಿಸಿ. 2,100 ನಿಮಿಷದಲ್ಲಿ 6 ಹೊಡೆದವನಿಗಿಂತ 720ರಲ್ಲಿ 4 ಹೊಡೆದವನು ಮುಂದೆ ನಿಲ್ಲುತ್ತಾನೆ. ಆದರೆ 720 ನಿಮಿಷ ಬಹಳ ಕಡಿಮೆ, ಅದನ್ನು ನಂಬಿ ಮೂರು ವರ್ಷದ ಕರಾರು ಬರೆಯಬೇಡಿ.

ಇನ್ನು ನಿಮ್ಮ ಅಳಿಯ. ನಮ್ಮ ಸಂತೆಯಲ್ಲಿ ಎತ್ತು ಕೊಳ್ಳುವವನೂ ಹಲ್ಲು ನೋಡಿ, ನಡೆಸಿ ನೋಡಿ, ನೊಗ ಕಟ್ಟಿ ನಾಲ್ಕು ಹೆಜ್ಜೆ ಹೊಡೆದು ನೋಡುತ್ತಾನೆ. ಮಕ್ಕಳ ವಿಷಯಕ್ಕೆ ಬಂದರೆ ಹತ್ತು ನಿಮಿಷ ಸಾಕಾಗುತ್ತದೆ! ಏಪ್ರಿಲ್-ಮೇ ರಜೆಯಲ್ಲಿ, ಬಳ್ಳಾರಿಯ ಬಿಸಿಲು 40 ದಾಟುವಾಗ, ಅರವತ್ತು ಹುಡುಗರನ್ನು ಕರೆದು, ಪರಿಚಯವೇ ಇಲ್ಲದ ಹನ್ನೊಂದು ಹನ್ನೊಂದು ಜನರನ್ನು ಪೂರ್ತಿ ಮೈದಾನಕ್ಕೆ ಬಿಡುತ್ತಾರೆ. ಏನಾಗುತ್ತದೆ? ಯಾರೂ ಪಾಸ್ ಕೊಡುವುದಿಲ್ಲ, ಕೊಟ್ಟರೆ ತನ್ನ ಅವಕಾಶವೇ ಹೋಯಿತಲ್ಲ. ಎಡ ಮೂಲೆಯ ಡಿಫೆಂಡರ್‌ಗೆ ಚೆಂಡು ಎರಡು ಸಲ ಸಿಕ್ಕರೆ ಅದೃಷ್ಟ. ಆಯ್ಕೆಗಾರರು ಗೋಲಿನ ಹತ್ತಿರದ ನೆರಳಲ್ಲಿ ನಿಂತಿರುತ್ತಾರೆ. ಕೊನೆಗೆ ಆಯ್ಕೆಯಾಗುವುದು ಎತ್ತರದವನು, ವೇಗದವನು, ಮೀಸೆ ಬಂದವನು. ನೆಲವೋ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ, ಇಲ್ಲಾ ಗರಸು. ಚೆಂಡು ಹೇಗೆ ಪುಟಿಯುತ್ತದೋ ಗೊತ್ತಿಲ್ಲ, ಹುಡುಗನ ಕಣ್ಣು ಕಾಲ ಬಳಿಯೇ ನೆಟ್ಟಿರುತ್ತದೆ, ತಲೆ ಎತ್ತಿ ಸುತ್ತ ನೋಡುವುದು ಹೇಗೆ?

ಇದಕ್ಕೆ ಖರ್ಚಿಲ್ಲದ ದಾರಿ ಇದೆ. 16 ಹುಡುಗರನ್ನು ನಾಲ್ಕು ನಾಲ್ಕರ ತಂಡ ಮಾಡಿ. 30 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಕಣ, ಎರಡು ಮೀಟರಿನ ಚಿಕ್ಕ ಗೋಲು, ಕೀಪರ್ ಬೇಡ. ಐದು ನಿಮಿಷದ ಆಟ, ಎರಡು ನಿಮಿಷ ನೀರು ಮತ್ತು ನೆರಳು, ಹೀಗೆ ಆರು ಸುತ್ತು. ಪ್ರತಿ ಸುತ್ತಿಗೂ ತಂಡ ಕಲಸಿಬಿಡಿ. ಗೆದ್ದ ತಂಡದ ನಾಲ್ವರಿಗೂ 3 ಅಂಕ, ಸಮವಾದರೆ 1, ತಂಡ ಹೊಡೆದ ಪ್ರತಿ ಗೋಲಿಗೆ ನಾಲ್ವರಿಗೂ 1. ಜೊತೆಗಾರರು ಬದಲಾಗುತ್ತಲೇ ಇದ್ದರೂ ಯಾರ ಅಂಕ ಏರುತ್ತಲೇ ಹೋಗುತ್ತದೋ ಅವನು ಪಕ್ಕದವನನ್ನೂ ಚೆನ್ನಾಗಿ ಆಡಿಸುತ್ತಾನೆ ಎಂದರ್ಥ. ಪಾಸ್ ಕೊಟ್ಟರೆ ಲಾಭ ಎಂಬುದು ಎರಡನೇ ಸುತ್ತಿಗೇ ಹುಡುಗರಿಗೆ ತಿಳಿಯುತ್ತದೆ. ಒಂದು ಗುಂಪಿಗೆ ಮುಕ್ಕಾಲು ಗಂಟೆ. ಬೆಳಿಗ್ಗೆ ಆರೂವರೆಗೆ ಶುರುಮಾಡಿದರೆ ಒಂಬತ್ತೂವರೆಗೆ 64 ಹುಡುಗರು ಮುಗಿಯುತ್ತಾರೆ. ಮರುವಾರ ಮೇಲಿನ ಅರ್ಧದವರನ್ನೂ, ಕೆಳಗಿದ್ದರೂ ಯಾರೋ ಒಬ್ಬ ಕೋಚ್ "ಇವನನ್ನು ಇನ್ನೊಮ್ಮೆ ನೋಡೋಣ" ಎಂದವರನ್ನೂ ಕರೆಯಿರಿ.

"ಸಣ್ಣಗಿದಾನೆ" ಎಂಬ ಮಾತಿಗೆ ಒಂದು ಲೆಕ್ಕ. ತಂದೆ ತಾಯಿಯ ಎತ್ತರ ಕೂಡಿಸಿ, ಗಂಡು ಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಎರಡರಿಂದ ಭಾಗಿಸಿ. ತಂದೆ 168, ತಾಯಿ 154 ಇದ್ದರೆ ಹುಡುಗ ಸುಮಾರು 167ಕ್ಕೆ ಬರಬಹುದು, ಎಂಟು ಸೆಂಟಿಮೀಟರ್ ಆಚೀಚೆ. ಈಗ ಅವನು 150 ಇದ್ದರೆ ಶೇ 90ರಷ್ಟು ಬೆಳೆದಿದ್ದಾನೆ, ಓಟವೂ ಬಲವೂ ಇನ್ನೂ ಬರಬೇಕಿದೆ. ಅವನ ಪಕ್ಕ ನಿಂತ ಮೀಸೆಯವನು ಶೇ 98 ಮುಗಿಸಿರಬಹುದು. ಇಂಗ್ಲೆಂಡಿನ ಅಕಾಡೆಮಿಗಳು ಈಗ ಕೆಲವು ಪಂದ್ಯಗಳನ್ನು ವಯಸ್ಸಿನ ಬದಲು ಈ ಶೇಕಡಾವಾರಿನ ಮೇಲೆ ಗುಂಪು ಮಾಡಿ ಆಡಿಸುತ್ತವೆ. ಅಲ್ಲೂ ಹಿಂದೆ ಜೇಮಿ ವಾರ್ಡಿಯನ್ನು 16ರಲ್ಲಿ ಚಿಕ್ಕವನೆಂದು ಬಿಟ್ಟಿದ್ದರು, ಆತ 2016ರಲ್ಲಿ ಲೆಸ್ಟರ್ ಜೊತೆ ಲೀಗ್ ಗೆದ್ದ. ವಯೋಮಿತಿ ಜನವರಿ 1ಕ್ಕೆ ಎಣಿಸುವುದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಲ್ಲಿ ಜಾಸ್ತಿ ಎಂದು ಬೇರೆ ದೇಶಗಳಲ್ಲಿ ಪಟ್ಟಿ ಮಾಡಿ ತೋರಿಸಿದ್ದಾರೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಆ ಪಟ್ಟಿ ಮಾಡಲೂ ಆಗದು. ಹೆಡ್‌ಮಾಸ್ತರರ ಕೃಪೆಯಿಂದ ಅರ್ಧ ತರಗತಿ ಜೂನ್ 1ಕ್ಕೆ ಹುಟ್ಟಿದೆ.

ಇಷ್ಟಾಗಿ ಹುಡುಗ ಆಡಬೇಕಾದದ್ದು ಎಲ್ಲಿ? ಈ ಜಿಲ್ಲೆಯ ಮಣ್ಣಿನಿಂದ ಎಷ್ಟು ಅದಿರು ಹೋಗಿದೆ, ಖನಿಜ ನಿಧಿ ಎಂದು ಎಷ್ಟು ಹಣ ಕೂಡಿದೆ. ಕ್ರೀಡಾಂಗಣ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕಮಾನು, ಕಾಂಪೌಂಡು, ಗ್ಯಾಲರಿ. ನೆಲ ಸಮ ಮಾಡುವುದು, ಬೋರ್‌ವೆಲ್, ರೋಲರ್, ವಾರಕ್ಕೆರಡು ಸಲ ನೀರು ಹೊಡೆಯುವ ಒಬ್ಬ ಆಳು ಕೊನೆಗೂ ನೆನಪಾಗುವುದಿಲ್ಲ, ಏಕೆಂದರೆ ಅವುಗಳ ಮೇಲೆ ನಾಮಫಲಕ ಹಾಕಲಾಗದು. ಈಚೆಗೆ ಪ್ಲಾಸ್ಟಿಕ್ ಹುಲ್ಲಿನ ಹುಚ್ಚು ಬೇರೆ. ನಮ್ಮ ಬಿಸಿಲಿಗೆ ನಡುಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ದಾಟೀತು, ಸಂಜೆ ಐದೂವರೆಯ ಮುಂಚೆ ಮಕ್ಕಳನ್ನು ಬಿಡಬಾರದು. ದೈಹಿಕ ಶಿಕ್ಷಕರು ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದಲ್ಲಿ ಮುಳುಗಿದ್ದಾರೆ. ಮೇಲಿನ ಹಂತದ ಕಥೆಯೂ ಇದೇ: 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗನ್ನೇ ತಡೆಹಿಡಿದಾಗ ಯಾವ ಕ್ಲಬ್ಬು ಯಾರನ್ನು ಉಳಿಸಿಕೊಳ್ಳಬೇಕೆಂದು ಯೋಜಿಸೀತು? ಕ್ಲಬ್ಬುಗಳು ಮುಂಚೂಣಿಯ ಜಾಗವನ್ನು ವಿದೇಶಿಯರಿಗೇ ಮೀಸಲಿಟ್ಟದ್ದರಿಂದ, ದೇಶದ ತಂಡದಿಂದ ನಿವೃತ್ತನಾಗಿದ್ದ ಛೇತ್ರಿಯನ್ನು ದೇಶ 2025ರ ಮಾರ್ಚ್‌ನಲ್ಲಿ ವಾಪಸ್ ಕರೆಯಬೇಕಾಯಿತು. ಆದರೂ 2027ರ ಏಷ್ಯಾ ಕಪ್‌ಗೆ ಅರ್ಹತೆ ಸಿಗಲಿಲ್ಲ. ನೀವು ಕೇಳಬೇಕಾದ್ದು ಆತ ಏಕೆ ಇನ್ನೂ ಇದ್ದಾನೆ ಎಂದಲ್ಲ, ಆತನ ಹಿಂದೆ ಏಕೆ ಯಾರೂ ಇಲ್ಲ ಎಂದು.

ಶೂ ಬಗ್ಗೆ: ಉದ್ದ ಮೊಳೆಯದು ಬೇಡ, ಅದು ಮೆತ್ತನೆ ಹುಲ್ಲಿಗೆ. ನಿಮ್ಮ ಗಟ್ಟಿ ನೆಲದಲ್ಲಿ ಮೊಳೆ ಒಳಗಿಳಿಯದೆ ಏಟು ಹಿಮ್ಮಡಿಗೆ ಬೀಳುತ್ತದೆ, ಬೆಳೆಯುವ ವಯಸ್ಸಿನ ಹುಡುಗರಿಗೆ ಹಿಮ್ಮಡಿ ನೋವು ಬರುವುದಕ್ಕೆ ಇದೂ ಒಂದು ಕಾರಣ. ತಳದ ತುಂಬ ಸಣ್ಣ ಸಣ್ಣ ರಬ್ಬರ್ ಮೊಳೆ ಇರುವ ಟರ್ಫ್ ಶೂ ಕೇಳಿ. ಸಂಜೆ ಹೊತ್ತು, ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹೆಬ್ಬೆರಳ ಮುಂದೆ ಅರ್ಧ ಬೆರಳಿನಷ್ಟು ಜಾಗ ಸಾಕು, ಮುಂದಿನ ವರ್ಷಕ್ಕೂ ಬರಲಿ ಎಂದು ಎರಡು ನಂಬರ್ ದೊಡ್ಡದು ತರಬೇಡಿ, ಒಳಗೆ ಕಾಲು ಜಾರಿ ಚೆಂಡಿನ ಹಿಡಿತ ಕೆಡುತ್ತದೆ. ಹಿಮ್ಮಡಿ ನೋವು ಎಂದರೆ ಎರಡು ವಾರ ಓಟ ನಿಲ್ಲಿಸಿ, ಆಮೇಲೂ ಇದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

— ಸಂ.