ನ್ಯಾಶ್‌ವಿಲ್‌ಗೆ ಹೊಸಬರೇ? ರೋಜರ್ ಮಿಲ್ಲರ್‌ನಿಂದ ಶುರು ಮಾಡಿ
ಟೆನೆಸೀ ರಾಜ್ಯದ ಈ ಊರು ಕಂಟ್ರಿಗೆ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಹೆಸರುವಾಸಿ. ಕಂಟ್ರಿ ಹಾಡು ಕೇಳಿ ಆಫೀಸಿನವರೆಲ್ಲ ನಗುವಾಗ ನಿಮಗೆ ಮಾತ್ರ ನಗು ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹಳೆಯ ಕಂಟ್ರಿ ಗಾಯಕ, ಹಾಡುಬರಹಗಾರ ರೋಜರ್ ಮಿಲ್ಲರ್‌ನಿಂದ ಮಾಡಿ. ಈಗಿನ ಹಿಟ್‌ಗಳನ್ನು ಆಮೇಲೆ ನೋಡಿಕೊಂಡರಾಯಿತು.

1965ರ ‘ಕಿಂಗ್ ಆಫ್ ದ ರೋಡ್’ ಕೇಳಿ, ಲೆಕ್ಕ ಹಾಕಿಕೊಂಡು ಕೇಳಿ. ಅಲೆಮಾರಿಯೊಬ್ಬ ಎರಡು ಗಂಟೆ ಕಸ ಗುಡಿಸಿ 50 ಸೆಂಟಿನ ರೂಮು ಹಿಡಿಯುತ್ತಾನೆ. ರೂಮು 8 ಅಡಿಗೆ 12 ಅಡಿ. ಅಂದರೆ ಸಿಕ್ಕಿದ್ದು ಗಂಟೆಗೆ 25 ಸೆಂಟು. ಆಗ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 1.25 ಡಾಲರ್. ಆದರೂ ಆಸಾಮಿ ತಾನೇ ರಾಜ ಅಂತಾನೆ, ಅದೂ ದನಿ ಏರಿಸದೆ, ಚಿಟಿಕೆಯ ತಾಳಕ್ಕೆ. ನಗಿಸುವುದು ಆ ಗತ್ತು.

ಬಡತನ ಮಿಲ್ಲರ್‌ಗೆ ಕೇಳಿ ತಿಳಿದದ್ದಲ್ಲ. 1936ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಒಕ್ಲಹೋಮದ ಎರಿಕ್‌ನಲ್ಲಿ ತಂದೆಯ ಸೋದರನ ಮನೆಯಲ್ಲಿ ಹತ್ತಿ ಬಿಡಿಸುತ್ತಾ ಬೆಳೆದ. 17ರಲ್ಲಿ ಗಿಟಾರ್ ಕದ್ದು, ಮರುದಿನ ತಾನೇ ಹೋಗಿ ಒಪ್ಪಿಕೊಂಡು, ಜೈಲು ತಪ್ಪಿಸಿಕೊಳ್ಳಲು ಸೈನ್ಯ ಸೇರಿದ. ನ್ಯಾಶ್‌ವಿಲ್‌ನಲ್ಲಿ ಹೆಸರಾಂತ ಗಿಟಾರ್ ವಾದಕ, ರೆಕಾರ್ಡ್ ನಿರ್ಮಾಪಕ ಚೆಟ್ ಆಟ್ಕಿನ್ಸ್ ಮುಂದೆ ಹಾಡಲು ಹೋದಾಗ ಸ್ವಂತ ಗಿಟಾರೂ ಇರಲಿಲ್ಲ. ಅವರದ್ದನ್ನೇ ಇಸಕೊಂಡು ಒಂದು ಶ್ರುತಿಯಲ್ಲಿ ನುಡಿಸಿ ಇನ್ನೊಂದರಲ್ಲಿ ಹಾಡಿಬಿಟ್ಟ. ಹೊಟ್ಟೆಪಾಡಿಗೆ ಆಂಡ್ರ್ಯೂ ಜಾಕ್ಸನ್ ಹೋಟೆಲಿನಲ್ಲಿ ಲಗೇಜು ಹೊತ್ತ. 1964ರಲ್ಲಿ ಊರು ಬಿಡುವ ಖರ್ಚಿಗೆಂದು 1,600 ಡಾಲರ್‌ಗೆ 16 ಹಾಡು ರೆಕಾರ್ಡ್ ಮಾಡಲು ಒಪ್ಪಿದ. ಅದರಲ್ಲೇ ಇತ್ತು ಅವನ ದೊಡ್ಡ ಹಿಟ್ ‘ಡ್ಯಾಂಗ್ ಮಿ’. ಮುಂದಿನ ಎರಡೇ ವರ್ಷಗಳಲ್ಲಿ 11 ಗ್ರ್ಯಾಮಿ! 1985ರಲ್ಲಿ ‘ಬಿಗ್ ರಿವರ್’ ನಾಟಕದ ಸಂಗೀತಕ್ಕೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿಯೂ ಬಂತು. ತೀರಿಕೊಂಡದ್ದು 1992ರಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ.

ನ್ಯಾಶ್‌ವಿಲ್‌ನ ಬ್ರಾಡ್‌ವೇ ರಸ್ತೆಯ ಹಾಂಕಿ-ಟಾಂಕ್‌ಗಳಲ್ಲಿ, ಅಂದರೆ ಬ್ಯಾಂಡ್ ಹಾಡುವ ಬಾರ್‌ಗಳಲ್ಲಿ, ಇವನ ಹಾಡು ತಾನಾಗಿ ಕಿವಿಗೆ ಬೀಳುವುದು ಕಡಿಮೆ, ಕೇಳಿ ಹಾಡಿಸಬೇಕು. ಬಹುತೇಕ ಕಡೆ ಒಳಗೆ ಹೋಗಲು ದುಡ್ಡಿಲ್ಲ, ಆದರೆ ಬ್ಯಾಂಡಿನವರ ಸಂಪಾದನೆ ಹೆಚ್ಚಾಗಿ ಟಿಪ್ಸ್‌ನಿಂದಲೇ. ಟಿಪ್ಸ್ ಹಾಕುವ ಬಕೆಟ್ ಬಂದಾಗ ಮುಖ ತಿರುಗಿಸಬೇಡಿ. ಸುಮ್ಮನೆ ಕೇಳಿದರೆ 5 ಡಾಲರ್ ಹಾಕಿ, ಇಂಥದ್ದೇ ಹಾಡು ಬೇಕೆಂದರೆ ಅದರ ಹೆಸರು ಬರೆದ ಚೀಟಿಯ ಜೊತೆ 20 ಇಡಿ. ಬರೀ ಚೀಟಿ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ಬಾಗಿಲಲ್ಲಿ ವಯಸ್ಸು ನೋಡುತ್ತಾರೆ, ನಮ್ಮ ಭಾರತದ ಲೈಸೆನ್ಸ್ ಬಹಳ ಕಡೆ ನಡೆಯುವುದಿಲ್ಲ. ಟೆನೆಸೀ ಲೈಸೆನ್ಸ್ ಕೈಗೆ ಬರುವ ತನಕ ಪಾಸ್‌ಪೋರ್ಟನ್ನೇ ಒಯ್ಯಿರಿ, ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ.

ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕಿದ್ದರೆ ಬ್ಲೂಬರ್ಡ್ ಕೆಫೆ ಮೇಲು. ಹಾಡು ಬರೆದವರೇ ನಡುವೆ ಕೂತು ಸರದಿಯಂತೆ ಹಾಡುತ್ತಾರೆ. ಸಣ್ಣ ಜಾಗ, ಬುಕಿಂಗ್ ತೆರೆದ ಸ್ವಲ್ಪ ಹೊತ್ತಿನಲ್ಲೇ ಸೀಟು ಮುಗಿಯುತ್ತದೆ. ಹಾಡಿನ ಮಧ್ಯೆ ಪಕ್ಕದವರೊಂದಿಗೆ ಪಿಸುಗುಟ್ಟಿದರೂ ‘ಶ್ಶ್’ ಅನ್ನುತ್ತಾರೆ; ನಗುವುದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.